ಪೆಟ್ಟು ತಿಂದ ಮಿದುಳಿಗೆ ಹಾರ್ಮೋನು ಕೊಡುವ ಮೊದಲು ಅದು ಕಳೆದುಕೊಂಡದ್ದನ್ನು ಅಳೆಯಿರಿ

ಮಹಾನಿರ್ದೇಶಕರು,
ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಹೊಸದಿಲ್ಲಿ — ಇವರಿಗೆ ಒಂದು ಬಹಿರಂಗ ಪತ್ರ.
ಪ್ರತಿ: ಆರೋಗ್ಯ ಇಲಾಖೆ, ಕೇರಳ ಸರಕಾರ, ತಿರುವನಂತಪುರ.

ಮಾನ್ಯರೇ,

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಿಂದ ಬರೆಯುತ್ತಿದ್ದೇನೆ. ತಲೆಗೆ ಪೆಟ್ಟು ಬಿದ್ದವರನ್ನು, ಸ್ಟ್ರೋಕ್ ಆದವರನ್ನು ಹಾರ್ಮೋನು ಕೊಟ್ಟು ಉಳಿಸಬಹುದೇ ಎಂದು ಜಗತ್ತಿನ ದೊಡ್ಡ ದೊಡ್ಡ ಆಸ್ಪತ್ರೆಗಳು ದಶಕಗಳಿಂದ ಹುಡುಕುತ್ತಿವೆ. ಆ ಹುಡುಕಾಟದ ಮೇಲೆ ನನಗೆ ಗೌರವವಿದೆ. ಆದರೆ ಪೆಟ್ಟು ತಿಂದು, ಬದುಕಿ, ಮನೆಗೆ ಬಂದವನ ಮೈಯಲ್ಲಿ ಯಾವ ಹಾರ್ಮೋನು ನಿಂತುಹೋಗಿದೆ ಎಂದು ನೋಡುವ ಕೆಲಸ ನಮ್ಮ ಕಡೆ ಯಾರ ಪಾಲಿಗೂ ಬಂದಿಲ್ಲ. ಅದನ್ನು ನಿಮ್ಮ ಮಂಡಳಿ ಕೈಗೆತ್ತಿಕೊಳ್ಳಬೇಕು, ಕೇರಳ–ಕರ್ನಾಟಕ ಗಡಿಯ ಎರಡೂ ಬದಿಯ ರೋಗಿಗಳನ್ನು ಒಂದೇ ಪಟ್ಟಿಯಲ್ಲಿಟ್ಟು ಕೈಗೆತ್ತಿಕೊಳ್ಳಬೇಕು. ನನ್ನ ಬೇಡಿಕೆ ಇಷ್ಟೇ. ಪತ್ರ ಮಾತ್ರ ಉದ್ದವಾಗುತ್ತದೆ. ವರ್ಷಗಟ್ಟಲೆ ಕನ್ನಡ ಮಾಧ್ಯಮದ ಹುಡುಗರಿಗೆ ವಿಜ್ಞಾನ ಪಾಠ ಮಾಡಿದವನ ಅಭ್ಯಾಸ ಸುಲಭವಾಗಿ ಬಿಡುವುದಿಲ್ಲ.

ನಮ್ಮಲ್ಲಿ ತಲೆಗೆ ಪೆಟ್ಟು ಬೀಳುವುದು ಹೆಚ್ಚಾಗಿ ಎರಡು ಕಡೆಯಿಂದ. ಒಂದು ಬೈಕು, ಅದು ಎಲ್ಲ ಊರಿನದ್ದು. ಇನ್ನೊಂದು ಮರ. ಆಟಿಯ ಮಳೆ ಒಂದೆರಡು ದಿನ ಬಿಟ್ಟರೆ ಸಾಕು, ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಲು ಜನ ಅಡಿಕೆ ಮರ ಹತ್ತುತ್ತಾರೆ. ಮರಕ್ಕೆ ಪಾಚಿ ಹಿಡಿದಿರುತ್ತದೆ, ಮರ ಹತ್ತಲು ಕಾಲಿಗೆ ಹಾಕುವ ತಳೆ ಒದ್ದೆಯಾಗಿರುತ್ತದೆ, ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಚಾಳಿಯೂ ಇರುತ್ತದೆ. ಮಳೆ ಮುಗಿದ ಮೇಲೆ ಅಡಿಕೆಗೊನೆ ತೆಗೆಯುವವರ ಸರದಿ, ಅದರ ಬೆನ್ನಿಗೇ ಏಣಿಯಿಟ್ಟು ಕಾಳುಮೆಣಸು ಕೊಯ್ಯುವವರದ್ದು. ಬಿದ್ದು ಬೆನ್ನೆಲುಬು ಮುರಿದವರು ಹಾಸಿಗೆಯಲ್ಲಿರುತ್ತಾರೆ, ಊರಿನ ಕಣ್ಣಿಗೆ ಕಾಣುತ್ತಾರೆ. ತಲೆಗೆ ಪೆಟ್ಟಾಗಿ ಮತ್ತೆ ಎದ್ದು ಓಡಾಡುವವರು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅಡಿಕೆ, ತೆಂಗಿನ ರೋಗ ನೋಡಲು ಕಾಸರಗೋಡಿನಲ್ಲೇ ಕೇಂದ್ರ ಸರಕಾರದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಇದೆ. ಮರದಿಂದ ಬಿದ್ದವನನ್ನು ಕಟ್ಟಿಕೊಂಡು ನಾವು ಮಂಗಳೂರಿಗೆ ಓಡುತ್ತೇವೆ.

ಇನ್ನು ಸಂಶೋಧನೆಯ ಕಥೆ. ನಿಮಗೆ ಇದು ಹೊಸತಲ್ಲ, ಆದರೆ ಬಹಿರಂಗ ಪತ್ರವನ್ನು ನಮ್ಮ ಊರಿನವರೂ ಓದುತ್ತಾರೆ.

ಪ್ರೊಜೆಸ್ಟರಾನ್ ಎಂದರೆ ಗರ್ಭ ನಿಲ್ಲಲು ಬೇಕಾದ ಹಾರ್ಮೋನು ಎಂದು ನಾವು ಶಾಲೆಯಲ್ಲಿ ಹೇಳಿಕೊಡುತ್ತಿದ್ದೆವು. ಅದು ಮಿದುಳಿನಲ್ಲೂ ತಯಾರಾಗುತ್ತದೆ, ಗಂಡಸರ ಮಿದುಳಿನಲ್ಲೂ. ಅಮೆರಿಕದ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಟೈನ್ ಎಂಬ ವಿಜ್ಞಾನಿ ಇಲಿಗಳ ಮೇಲೆ ಪ್ರಯೋಗ ಮಾಡುವಾಗ, ಒಂದೇ ರೀತಿಯ ಪೆಟ್ಟು ಬಿದ್ದರೂ ಹೆಣ್ಣಿಲಿಗಳು ಗಂಡಿಲಿಗಳಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುವುದನ್ನು ಕಂಡರು. ಮೈಯಲ್ಲಿ ಪ್ರೊಜೆಸ್ಟರಾನ್ ಹೆಚ್ಚಿದ್ದ ಹೆಣ್ಣಿಲಿಗಳ ಮಿದುಳು ಊದಿಕೊಂಡದ್ದೂ ಕಡಿಮೆ. ಅಲ್ಲಿಂದ ಮನುಷ್ಯರ ತನಕ ಬರಲು ವರ್ಷಗಳು ಹಿಡಿದವು. 2007ರಲ್ಲಿ 100 ರೋಗಿಗಳ ಒಂದು ಸಣ್ಣ ಪ್ರಯೋಗದ ಫಲಿತಾಂಶ ಬಂತು: 30 ದಿನಗಳೊಳಗೆ ಸತ್ತವರು ಪ್ರೊಜೆಸ್ಟರಾನ್ ಪಡೆದವರಲ್ಲಿ ಶೇ. 13, ಪಡೆಯದವರಲ್ಲಿ ಶೇ. 30. ಮರುವರ್ಷ ಚೀನಾದಿಂದ 159 ರೋಗಿಗಳ ವರದಿ, ಅದೂ ಒಳ್ಳೆಯದೇ. ಆಸ್ಪತ್ರೆಯ ಐಸಿಯು ಬಾಗಿಲಲ್ಲಿ ಕೂತವರಿಗೆ ಇಂಥ ಅಂಕಿ ಸಿಕ್ಕರೆ ಅವರು ಬೇರೇನನ್ನೂ ಕೇಳುವುದಿಲ್ಲ.

ಸಣ್ಣ ಪ್ರಯೋಗ ನಂಬಿಸಿದ್ದನ್ನು ದೊಡ್ಡ ಪ್ರಯೋಗ ನಿಲ್ಲಿಸಿ ಪ್ರಶ್ನೆ ಮಾಡಬೇಕು. ಹಾಗೇ ಆಯಿತು. ಪ್ರೊಟೆಕ್ಟ್ ಮತ್ತು ಸಿನಾಪ್ಸ್ ಎಂಬ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ 2014ರ ಡಿಸೆಂಬರಿನಲ್ಲಿ ಒಟ್ಟಿಗೆ ಪ್ರಕಟವಾದವು. ಮೊದಲನೆಯದರಲ್ಲಿ 882 ಮಂದಿ, ಪೆಟ್ಟು ಬಿದ್ದ 4 ಗಂಟೆಯೊಳಗೆ ಮದ್ದು ಶುರು. ಎರಡನೆಯದರಲ್ಲಿ 21 ದೇಶಗಳ 1195 ಮಂದಿ, 8 ಗಂಟೆಯೊಳಗೆ. ಎರಡರಲ್ಲೂ ಪ್ರೊಜೆಸ್ಟರಾನಿನಿಂದ ಲಾಭ ಕಾಣಲಿಲ್ಲ. ಪ್ರೊಟೆಕ್ಟಿನಲ್ಲಂತೂ 6 ತಿಂಗಳ ನಂತರ ಚೆನ್ನಾಗಿದ್ದವರು ಮದ್ದು ಪಡೆದವರಲ್ಲಿ ಶೇ. 51, ಬರೀ ದ್ರಾವಣ ಪಡೆದವರಲ್ಲಿ ಶೇ. 55.5. ಮುಂದುವರಿಸಿ ಪ್ರಯೋಜನವಿಲ್ಲವೆಂದು ಅದನ್ನು ಅರ್ಧದಾರಿಯಲ್ಲಿ ನಿಲ್ಲಿಸಿದ್ದರು.

ಮೂತ್ರಪಿಂಡದಲ್ಲಿ ಹುಟ್ಟಿ ಕೆಂಪು ರಕ್ತಕಣ ತಯಾರಾಗಲು ನೆರವಾಗುವ ಎರಿತ್ರೊಪೊಯೆಟಿನ್ ಕಥೆಯೂ ಹೀಗೇ. 2002ರಲ್ಲಿ ಜರ್ಮನಿಯಲ್ಲಿ 40 ಸ್ಟ್ರೋಕ್ ರೋಗಿಗಳಲ್ಲಿ ಆಸೆ ಹುಟ್ಟಿಸಿತು. 2009ರಲ್ಲಿ 522 ಮಂದಿಯಲ್ಲಿ ನೋಡಿದರೆ ಮದ್ದು ಪಡೆದವರಲ್ಲಿ ಸತ್ತವರು ಶೇ. 16.4, ಪಡೆಯದವರಲ್ಲಿ ಶೇ. 9. ಈಸ್ಟ್ರೊಜೆನ್ ಸ್ಟ್ರೋಕಿನಿಂದ ಕಾಪಾಡುತ್ತದೆ ಎಂಬ ನಂಬಿಕೆ ಬಹಳ ಗಟ್ಟಿಯಾಗಿತ್ತು. ಒಮ್ಮೆ ಸ್ಟ್ರೋಕ್ ಅಥವಾ ಅದರ ಮುನ್ಸೂಚನೆ ಕಂಡ, ಮುಟ್ಟು ನಿಂತ 664 ಮಹಿಳೆಯರಿಗೆ ಅದನ್ನು ಕೊಟ್ಟು ನೋಡಿದ 2001ರ ಅಮೆರಿಕದ ಪರೀಕ್ಷೆಯಲ್ಲಿ ಮರುಸ್ಟ್ರೋಕ್ ತಪ್ಪಲಿಲ್ಲ, ಪ್ರಾಣ ತೆಗೆಯುವ ಸ್ಟ್ರೋಕು ಹೆಚ್ಚಾಗಿಯೇ ಕಂಡಿತು. ಇನ್ಸುಲಿನ್ ಕೂಡ ಹಾರ್ಮೋನೇ. ಸ್ಟ್ರೋಕ್ ಆದ ಕೂಡಲೇ ಅದನ್ನು ಬಿಗಿಯಾಗಿ ಏರಿಸಿ ಸಕ್ಕರೆ ಇಳಿಸಿದರೆ ಒಳ್ಳೆಯದಾಗುತ್ತದೆಯೇ ಎಂದು 1151 ಮಂದಿಯಲ್ಲಿ ನೋಡಿದ್ದರು. 2019ರಲ್ಲಿ ಬಂದ ಉತ್ತರ: ಇಲ್ಲ, ಸಕ್ಕರೆ ವಿಪರೀತ ಇಳಿಯುವ ಅಪಾಯ ಮಾತ್ರ ಹೆಚ್ಚು. ಕರುಳಿನ ಹಾರ್ಮೋನನ್ನು ಹೋಲುವ ಹೊಸ ಸಕ್ಕರೆ ಕಾಯಿಲೆ ಮದ್ದುಗಳು ಸ್ಟ್ರೋಕ್ ಬರುವುದನ್ನು ಸ್ವಲ್ಪ ತಪ್ಪಿಸುತ್ತವೆ ಎಂಬುದೊಂದು ಒಳ್ಳೆಯ ಸುದ್ದಿ. ಅದು ತಡೆಯುವ ಮಾತು. ಆಗಿಹೋದ ಸ್ಟ್ರೋಕನ್ನು ವಾಸಿ ಮಾಡುವ ಮಾತು ಬೇರೆ.

ಎಲ್ಲಕ್ಕಿಂತ ದೊಡ್ಡ ಪಾಠ ಸ್ಟಿರಾಯ್ಡಿನದು. ಅಡ್ರಿನಲ್ ಗ್ರಂಥಿಯ ಹಾರ್ಮೋನಿನ ಜಾತಿಗೆ ಸೇರಿದ ಈ ಮದ್ದುಗಳನ್ನು ತಲೆಪೆಟ್ಟಿಗೆ ವೈದ್ಯರು 30 ವರ್ಷಕ್ಕೂ ಹೆಚ್ಚು ಕಾಲ ಕೊಟ್ಟರು. ಬಾವು ಇಳಿಸುವ ಮದ್ದು ಮಿದುಳಿನ ಬಾವನ್ನೂ ಇಳಿಸೀತು ಎಂಬುದು ಕೇಳಲು ಸರಿಯಾಗಿಯೇ ಇತ್ತು. ಕ್ರ್ಯಾಶ್ ಎಂಬ ಪರೀಕ್ಷೆ 49 ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2004ರಲ್ಲಿ ಉತ್ತರ ಕೊಟ್ಟಿತು. 20,000 ಮಂದಿಯನ್ನು ಸೇರಿಸುವ ಯೋಜನೆ 10,008ಕ್ಕೆ ನಿಂತಿತು. ಎರಡು ವಾರದೊಳಗೆ ಸತ್ತವರು ಸ್ಟಿರಾಯ್ಡ್ ಪಡೆದವರಲ್ಲಿ ಶೇ. 21.1, ಪಡೆಯದವರಲ್ಲಿ ಶೇ. 17.9. ಅಂದರೆ ಪ್ರತಿ 100 ಮಂದಿಯಲ್ಲಿ ಮೂವರು ಹೆಚ್ಚು. ಆ ಮೂವತ್ತು ವರ್ಷಗಳಲ್ಲಿ ಒಳ್ಳೆಯ ಮನಸ್ಸಿನಿಂದ ಕೊಟ್ಟ ಮದ್ದಿನಿಂದ ಎಷ್ಟು ಮಂದಿ ಹೋದರು ಎಂದು ಲೆಕ್ಕ ಹಾಕಲು ನನಗೆ ಮನಸ್ಸಾಗುವುದಿಲ್ಲ. ಮಿದುಳಿನ ಗೆಡ್ಡೆಯ ಸುತ್ತಲಿನ ಬಾವಿಗೆ ಈಗಲೂ ಸ್ಟಿರಾಯ್ಡ್ ಕೊಡುತ್ತಾರೆ, ಅದು ಸರಿಯಾದ ಚಿಕಿತ್ಸೆ. ಓದುವವರು ಗಾಬರಿಯಾಗಿ ನಿಲ್ಲಿಸಬೇಡಿ.

ಇಷ್ಟು ಸೋಲಿನ ಪಟ್ಟಿ ಕೊಟ್ಟದ್ದು ಸಂಶೋಧನೆ ಸಾಕು ಎನ್ನಲಿಕ್ಕೆ ಎಂದು ತಿಳಿಯಬೇಡಿ. ಪರೀಕ್ಷೆ ನಡೆಯದೇ ಇದ್ದಿದ್ದರೆ ಸ್ಟಿರಾಯ್ಡ್ ಇವತ್ತಿಗೂ ಏರುತ್ತಿತ್ತು. ಪ್ರಯೋಗಾಲಯದ ಇಲಿಗಳೆಲ್ಲ ಒಂದೇ ವಯಸ್ಸಿನವು, ಒಂದೇ ಜಾಗಕ್ಕೆ ಒಂದೇ ತೂಕದ ಪೆಟ್ಟು, ನಿಮಿಷ ಎಣಿಸಿ ಮದ್ದು. ಇಲ್ಲಿ ಒಬ್ಬ ಇಪ್ಪತ್ತರ ಹುಡುಗ ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದಿರುತ್ತಾನೆ, ಇನ್ನೊಬ್ಬರು ಅರುವತ್ತು ದಾಟಿದವರು, ಬಿಪಿ, ಶುಗರ್ ಎಲ್ಲ ಇದ್ದು ಹಟ್ಟಿಯಲ್ಲಿ ಜಾರಿರುತ್ತಾರೆ. ಒಬ್ಬನಿಗೆ ಮಿದುಳಿನ ಮೇಲೆ ರಕ್ತ, ಇನ್ನೊಬ್ಬರಿಗೆ ಒಳಗೆ ಚೆದುರಿದ ಗಾಯ. ಇಬ್ಬರಿಗೂ ಒಂದೇ ಹಾರ್ಮೋನು ಒಂದೇ ಪ್ರಮಾಣದಲ್ಲಿ ಕೊಟ್ಟು ಸರಾಸರಿ ತೆಗೆದರೆ ಏನೂ ಕಾಣದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಮುಂದಿನ ಪ್ರಯೋಗಗಳು ಇದನ್ನು ನೋಡಿಕೊಂಡು ನಡೆಯಲಿ. ನನ್ನ ದೂರು ಬೇರೆ. ಹೊರಗಿನಿಂದ ಹಾರ್ಮೋನು ಕೊಡುವ ಪ್ರಶ್ನೆಗೆ ಇಷ್ಟು ಹಣ, ಇಷ್ಟು ದೇಶ, ಇಷ್ಟು ವರ್ಷ. ಒಳಗಿನ ಹಾರ್ಮೋನು ಬತ್ತಿದೆಯೇ ಎಂಬ ಪ್ರಶ್ನೆ ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲಾಗಿಯೂ ಇರುವುದಿಲ್ಲ.

ಮಿದುಳಿನ ತಳದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿ ಇದೆ. ಥೈರಾಯ್ಡ್, ಅಡ್ರಿನಲ್, ವೃಷಣ, ಅಂಡಾಶಯ ಎಲ್ಲಕ್ಕೂ ಆಜ್ಞೆ ಹೋಗುವುದು ಅಲ್ಲಿಂದ. ಸಪೂರ ತೊಟ್ಟಿನಲ್ಲಿ ನೇತಾಡುವ ಹಣ್ಣಿನ ಹಾಗೆ ಅದು ಮಿದುಳಿಗೆ ಅಂಟಿಕೊಂಡಿದೆ, ಅದರ ಮುಂಭಾಗಕ್ಕೆ ರಕ್ತ ಒಯ್ಯುವ ನಾಳಗಳು ಆ ತೊಟ್ಟಿನಲ್ಲೇ ಇಳಿಯುತ್ತವೆ. ತಲೆ ಜೋರಾಗಿ ಅಲುಗಿದಾಗ, ಮಿದುಳು ಊದಿಕೊಂಡಾಗ ಆ ನಾಳಗಳಿಗೆ ಪೆಟ್ಟಾಗುತ್ತದೆ. ಗ್ರಂಥಿಯ ಕೆಲವು ಭಾಗ ಸಾಯುತ್ತದೆ, ಕೆಲವು ಉಳಿಯುತ್ತದೆ. ಕೂಡಲೇ ಗೊತ್ತಾಗುವುದಿಲ್ಲ. ಕೆಲವರಲ್ಲಿ ಮೊದಲ ತಿಂಗಳುಗಳ ಕೊರತೆ ತಾನೇ ಸರಿಹೋಗುತ್ತದೆ, ಕೆಲವರಲ್ಲಿ ಹೊಸದಾಗಿ ಹುಟ್ಟುತ್ತದೆ. 2007ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ತಲೆಪೆಟ್ಟಿನಿಂದ ಉಳಿದವರಲ್ಲಿ ಶೇ. 27.5 ಮಂದಿಗೆ ಪಿಟ್ಯುಟರಿಯ ಏನಾದರೊಂದು ಕೊರತೆ ಕಂಡಿತ್ತು. ಮಿದುಳಿನ ರಕ್ತನಾಳ ಉಬ್ಬಿ ಒಡೆದು ಮಿದುಳಿನ ಹೊದಿಕೆಯೊಳಗೆ ರಕ್ತ ಸೋರುವ ಬಗೆಯ ಸ್ಟ್ರೋಕಿನಲ್ಲಿ ಅದು ಶೇ. 47. ಪರೀಕ್ಷೆಯ ವಿಧಾನ ಬದಲಾದರೆ ಈ ಅಂಕಿ ಬಹಳ ಬದಲಾಗುತ್ತದೆ, ಆಮೇಲಿನ ಎಷ್ಟೋ ಅಧ್ಯಯನಗಳಲ್ಲಿ ಕಡಿಮೆ ಬಂದಿದೆ. ಅರ್ಧ ಮಾಡಿ, ಅದರ ಅರ್ಧ ಮಾಡಿ. ಆಗಲೂ ನಮ್ಮ ಒಂದೊಂದು ಪಂಚಾಯತಿನಲ್ಲಿ ಇಂಥವರು ಇರಲೇಬೇಕಲ್ಲ?

ಈ ಗ್ರಂಥಿ ನಮ್ಮ ವೈದ್ಯರಿಗೆ ಅಪರಿಚಿತವೇನೂ ಅಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಎದೆಹಾಲು ಬಾರದೆ, ಮುಟ್ಟೂ ಬಾರದೆ ಸೊರಗಿದ ಬಾಣಂತಿಯರ ಕಾಯಿಲೆ ಇದೇ ಗ್ರಂಥಿಯದು. ಕೊಳಕುಮಂಡಲ ಕಚ್ಚಿ ಬದುಕಿ ಉಳಿದ ಕೆಲವರಲ್ಲೂ ಪಿಟ್ಯುಟರಿ ಸಾಯುತ್ತದೆ ಎಂಬುದು ಬರ್ಮಾದಿಂದಲೂ ದಕ್ಷಿಣ ಭಾರತದಿಂದಲೂ ವರದಿಯಾಗಿದೆ. ತೋಟದ ಬದುಕಿನಲ್ಲಿ ಮರವೂ ಇದೆ, ಹಾವೂ ಇದೆ. ಹಾಗಿದ್ದೂ ತಲೆಪೆಟ್ಟಿನವರಲ್ಲಿ ಮಾತ್ರ ನೋಡುವುದಿಲ್ಲ.

ಯಾಕೆ ಸಿಕ್ಕಿಬೀಳುವುದಿಲ್ಲ ಎಂದು ನನ್ನ ತಂಗಿಯ ಗಂಡನ ಉದಾಹರಣೆಯಿಂದ ಹೇಳುತ್ತೇನೆ. ಭಾವ ಅಡಿಕೆ ಮರದಿಂದ ಬಿದ್ದರು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ರಕ್ತ ತೆಗೆದರು, ಜೀವ ಉಳಿಯಿತು. ಅದಕ್ಕೆ ನಮ್ಮ ಕುಟುಂಬ ಋಣಿ. ಮನೆಗೆ ಬಂದ ಮೇಲೆ ಕೈಕಾಲು ಸರಿ, ಮಾತು ಸರಿ, ಸ್ಕ್ಯಾನ್ ಸರಿ. ಮನುಷ್ಯ ಮಾತ್ರ ಇಡೀ ದಿನ ಮಲಗುವುದು, ಏಪ್ರಿಲ್ ಸೆಕೆಯಲ್ಲಿ ಹೊದೆದುಕೊಳ್ಳುವುದು, ಎದ್ದರೆ ತಲೆ ತಿರುಗುವುದು. ತೋಟಕ್ಕೆ ಇಳಿಯಲಿಲ್ಲ. ಊರಿನವರು ಮಂಡೆಗೆ ಪೆಟ್ಟಾದ್ದಲ್ಲವಾ, ಹಾಗೇ ಎಂದರು. ಕೆಲವರು ಉದಾಸೀನ ಎಂದರು. ತಂಗಿ ಒಂದು ದಿನ ನನ್ನಲ್ಲಿ ಹೇಳಿದಳು, "ಅಣ್ಣ, ಇವರಿಗೀಗ ಸಿಟ್ಟು ಕೂಡ ಬರುವುದಿಲ್ಲ." ಖಿನ್ನತೆಯ ಮಾತ್ರೆ ಶುರುವಾಯಿತು. ಥೈರಾಯ್ಡ್ ಪರೀಕ್ಷೆಯೂ ಆಯಿತು, ಟಿಎಸ್‌ಎಚ್ ನಾರ್ಮಲ್ ಎಂದು ಬಂತು.

ಆ ನಾರ್ಮಲ್ ಎಂಬ ಚೀಟಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಟಿಎಸ್‌ಎಚ್ ಪಿಟ್ಯುಟರಿ ಕಳಿಸುವ ಆಜ್ಞೆ. ಥೈರಾಯ್ಡ್ ಗ್ರಂಥಿ ಕೆಟ್ಟರೆ ಆಜ್ಞೆ ಜೋರಾಗುತ್ತದೆ, ಅಂಕಿ ಏರುತ್ತದೆ, ಲ್ಯಾಬಿನವರು ಕೆಂಪಕ್ಷರದಲ್ಲಿ ಕೊಡುತ್ತಾರೆ. ಕೆಟ್ಟದ್ದು ಆಜ್ಞೆ ಕೊಡುವ ಗ್ರಂಥಿಯೇ ಆದರೆ ಅಂಕಿ ಏರುವುದಿಲ್ಲ; ನಾರ್ಮಲ್ ಎಂದೇ ಬರಬಹುದು, ಮೈಯಲ್ಲಿ ಥೈರಾಯ್ಡ್ ಹಾರ್ಮೋನು ಮಾತ್ರ ಇರುವುದಿಲ್ಲ. ಜತೆಗೆ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನನ್ನೇ ಅಳೆಯುವ ಫ್ರೀ ಟಿ4 ನೋಡಿದರೆ ಗೊತ್ತಾಗುತ್ತದೆ. ತಲೆಪೆಟ್ಟಿನವರಿಗೆ ಟಿಎಸ್‌ಎಚ್ ಒಂದನ್ನೇ ಮಾಡಿ ಮನೆಗೆ ಕಳಿಸುವುದು ಸುಳ್ಳು ಸಮಾಧಾನ ಕೊಟ್ಟು ಕಳಿಸಿದ ಹಾಗೆ.

ಭಾವನಿಗೆ ಒಂದು ಮಳೆಗಾಲದಲ್ಲಿ ಜ್ವರ ಬಂತು. ಸಾಮಾನ್ಯ ಜ್ವರ. ವಾಂತಿಯಾಗಿ, ಬಿಪಿ ಬಿದ್ದು, ಪ್ರಜ್ಞೆ ತಪ್ಪಿತು. ಸೋಡಿಯಂ ತಳ ಮುಟ್ಟಿತ್ತು. ಆ ರಾತ್ರಿ ಡ್ಯೂಟಿಯಲ್ಲಿದ್ದ ಒಬ್ಬಳು ಎಳೆಯ ಡಾಕ್ಟರ್ ಹಳೆಯ ಆಪರೇಷನ್ ಗುರುತು ನೋಡಿ ಕಾರ್ಟಿಸೋಲ್ ಎಂಬ ಅಡ್ರಿನಲ್ ಹಾರ್ಮೋನನ್ನು ಅಳೆಯಲು ರಕ್ತ ತೆಗೆಸಿದಳು, ರಿಪೋರ್ಟಿಗೆ ಕಾಯದೆ ಅದರ ಕೊರತೆ ತುಂಬುವ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟಳು. ಬೆಳಿಗ್ಗೆ ಭಾವ ಕೂತುಕೊಂಡು ಗಂಜಿ ಕುಡಿದರು. ಆಮೇಲೆ ಹಾರ್ಮೋನು ತಜ್ಞರು ಮೊದಲು ಹೈಡ್ರೊಕಾರ್ಟಿಸೋನ್ ಮಾತ್ರೆ ಶುರು ಮಾಡಿ, ಅನಂತರವೇ ಥೈರಾಯ್ಡ್ ಮಾತ್ರೆ ಕೊಟ್ಟರು. ಈ ಕ್ರಮ ತಪ್ಪಿ ಥೈರಾಯ್ಡ್ ಮಾತ್ರೆ ಮೊದಲು ಹೋದರೆ, ಇರುವ ಅಲ್ಪ ಕಾರ್ಟಿಸೋಲೂ ಖರ್ಚಾಗಿ ಅಪಾಯ ಎಂದು ಅವರೇ ವಿವರಿಸಿದರು. ಜ್ವರ ಬಂದಾಗ ಮಾತ್ರೆ ಇಮ್ಮಡಿ ಮಾಡಬೇಕು, ಎಂದೂ ತಾವಾಗಿ ನಿಲ್ಲಿಸಬಾರದು, ಕಿಸೆಯಲ್ಲಿ ಒಂದು ಚೀಟಿ ಇರಬೇಕು. ಭಾವನ ಮರೆವು ಈಗಲೂ ಇದೆ. ಮಿದುಳಿಗಾದ ಗಾಯ ಮಾತ್ರೆಯಿಂದ ಮಾಯುವುದಿಲ್ಲ. ಆದರೆ ತೋಟಕ್ಕೆ ಇಳಿಯುತ್ತಾರೆ. ಕೆಲಸದವನಿಗೆ ಮೊದಲ ಸಲ ಜೋರಾಗಿ ಬೈದ ದಿನ ತಂಗಿ ಫೋನ್ ಮಾಡಿ ಸಂಭ್ರಮದಿಂದ ಸುದ್ದಿ ಕೊಟ್ಟಳು.

ಇದು ಒಬ್ಬರ ಕಥೆ, ಒಬ್ಬರ ಕಥೆಯಿಂದ ವಿಜ್ಞಾನ ಆಗುವುದಿಲ್ಲ ಎಂದು ನೀವು ಹೇಳಬಹುದು. ಸರಿಯಾದ ಮಾತು. ಅದಕ್ಕೇ ಅಧ್ಯಯನ ಕೇಳುತ್ತಿದ್ದೇನೆ. ಬೆಳಿಗ್ಗೆ 8 ಗಂಟೆಯ ಸುಮಾರಿನ ಕಾರ್ಟಿಸೋಲ್, ಫ್ರೀ ಟಿ4 ಮತ್ತು ಟಿಎಸ್‌ಎಚ್, ಸೋಡಿಯಂ, ಗಂಡಸರಿಗೆ ಬೆಳಗ್ಗಿನ ಟೆಸ್ಟೊಸ್ಟೆರಾನ್, ಹೆಂಗಸರಿಗೆ ಮುಟ್ಟಿನ ಬಗ್ಗೆ ಒಂದು ಪ್ರಶ್ನೆ. ಇವನ್ನು ಪೆಟ್ಟಾಗಿ ಕೆಲವು ತಿಂಗಳಾದ ಮೇಲೆ ಒಮ್ಮೆ, ಮತ್ತೆ ವರ್ಷದ ಹೊತ್ತಿಗೊಮ್ಮೆ ನೋಡಿದರೆ ಜೀವಕ್ಕೆ ಅಪಾಯವಿರುವ ಕೊರತೆಗಳು ಬಹುಪಾಲು ಬೆಳಕಿಗೆ ಬರುತ್ತವೆ. ಬೆಳವಣಿಗೆಯ ಹಾರ್ಮೋನಿನ ಕೊರತೆ ಕಂಡುಹಿಡಿಯಲು ದುಬಾರಿ ಪರೀಕ್ಷೆ ಬೇಕು, ಚಿಕಿತ್ಸೆಯಂತೂ ಹೆಚ್ಚಾಗಿ ದಿನಾ ಇಂಜೆಕ್ಷನ್. ಅದರಿಂದ ಬುದ್ಧಿಶಕ್ತಿ, ಲವಲವಿಕೆ ಎಷ್ಟು ಮರಳುತ್ತದೆ ಎಂಬುದು ನಿಜವಾದ ಸಂಶೋಧನೆಯ ಪ್ರಶ್ನೆ, ನಿಮ್ಮಂಥ ಸಂಸ್ಥೆಯೇ ಮಾಡಬೇಕಾದ್ದು. ಉಳಿದವು ತಾಲೂಕು ಆಸ್ಪತ್ರೆಯ ಲ್ಯಾಬಿನ ಅಳತೆಗೆ ಬರುವಂಥವು. ಕೇರಳದ ಪಂಚಾಯತುಗಳಲ್ಲಿ ಪಾಲಿಯೇಟಿವ್ ನರ್ಸುಗಳು ಹಾಸಿಗೆ ಹಿಡಿದವರ ಮನೆಗೆ ಜೀಪಿನಲ್ಲಿ ಬರುತ್ತಾರೆ, ಸ್ಟ್ರೋಕ್ ಆದವರೆಲ್ಲ ಅವರಿಗೆ ಗೊತ್ತು. ದೇಶದಲ್ಲಿ ಬೇರೆ ಎಷ್ಟು ಕಡೆ ಇಂಥ ವ್ಯವಸ್ಥೆ ಇದೆ? ತಿರುವನಂತಪುರದ ಇಲಾಖೆಯವರಲ್ಲಿ ನನ್ನ ಪ್ರಾರ್ಥನೆ ಇಷ್ಟು: ಆ ನರ್ಸಿನ ಪುಸ್ತಕದಲ್ಲಿ ತಲೆಪೆಟ್ಟಿನವರಿಗೂ ಒಂದು ಪುಟ ಕೊಡಿ. ಅವರು ಹಾಸಿಗೆಯಲ್ಲಿ ಇಲ್ಲದಿದ್ದರೂ.

ಈಗ ಗಡಿಯ ವಿಷಯ. ಪೆರ್ಲ, ಬದಿಯಡ್ಕ, ಪೈವಳಿಕೆ, ವರ್ಕಾಡಿ, ಮಂಜೇಶ್ವರ, ಎಲ್ಲಿ ಬಿದ್ದರೂ ಆಂಬುಲೆನ್ಸ್ ತಿರುಗುವುದು ಮಂಗಳೂರಿಗೆ. 2013ರಲ್ಲಿ ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದಾಗ ಈ ಓಟ ನಿಲ್ಲುತ್ತದೆ ಎಂದು ನಂಬಿದವರಲ್ಲಿ ನಾನೂ ಒಬ್ಬ. ಅದರ ಬಗ್ಗೆ ಬರೆಯಹೊರಟರೆ ಇನ್ನೊಂದು ಪತ್ರವೇ ಬೇಕು. ಆಪರೇಷನ್ ಕರ್ನಾಟಕದಲ್ಲಿ, ರೇಷನ್ ಕಾರ್ಡು, ವಿಮೆ, ಆಶಾ ಕಾರ್ಯಕರ್ತೆ ಕೇರಳದಲ್ಲಿ. ಅಲ್ಲಿನ ಕಡತ ಇಲ್ಲಿಗೆ ಬರುವುದಿಲ್ಲ. ಆರು ತಿಂಗಳ ಮೇಲೆ ರೋಗಿ ಹೇಗಿದ್ದಾನೆ ಎಂಬುದೇ ಇಂಥ ಸಂಶೋಧನೆಯ ಮುಖ್ಯ ಪ್ರಶ್ನೆ, ಅಷ್ಟರಲ್ಲಿ ನಮ್ಮವರು ಅಲ್ಲಿನ ಪಟ್ಟಿಯಿಂದ ಬಿಟ್ಟುಹೋಗಿರುತ್ತಾರೆ. ಕೇರಳದ ಅಧ್ಯಯನದಲ್ಲಂತೂ ಸೇರಿಯೇ ಇರುವುದಿಲ್ಲ, ಯಾಕೆಂದರೆ ಅವರನ್ನು ದಾಖಲು ಮಾಡಿದ್ದು ಕೇರಳದ ಆಸ್ಪತ್ರೆಯಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದು, ಆಂಬುಲೆನ್ಸುಗಳು ವಾಪಸು ಹೋದದ್ದು ದೇಶವೆಲ್ಲ ನೋಡಿದೆ. ಆ ಮಣ್ಣು ತೆಗೆದರು. ಕಡತಗಳ ನಡುವಿನದ್ದು ಹಾಗೇ ಇದೆ.

ನಿಮ್ಮ ಮಂಡಳಿ ನಮ್ಮ ಊರಿಗೆ ಹೊಸಬರಲ್ಲ ಎಂಬುದನ್ನೂ ನೆನಪಿಸಬೇಕು. ಇದೇ ಎಣ್ಮಕಜೆಯ ಪಡ್ರೆ ಗ್ರಾಮಕ್ಕೆ ನಿಮ್ಮ ಅಧೀನದ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದಿದ್ದರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ 20 ವರ್ಷಕ್ಕೂ ಹೆಚ್ಚು ಕಾಲ ಎಂಡೋಸಲ್ಫಾನ್ ಕೀಟನಾಶಕ ಸುರಿದ ಮೇಲೆ ನಡೆದ ಅಧ್ಯಯನ ಅದು. 117 ಗಂಡು ಮಕ್ಕಳನ್ನು ಪರೀಕ್ಷಿಸಿ, ಬೇರೆ ಊರಿನ 90 ಮಕ್ಕಳ ಜತೆ ಹೋಲಿಸಿದರು. ಎಂಡೋಸಲ್ಫಾನ್ ತಾಗಿದವರಲ್ಲಿ ಪ್ರಾಯಕ್ಕೆ ಬರುವುದು ತಡವಾಗಬಹುದು, ಲೈಂಗಿಕ ಹಾರ್ಮೋನುಗಳ ತಯಾರಿಗೆ ತೊಡಕಾಗಬಹುದು ಎಂದು 2003ರಲ್ಲಿ ಪ್ರಕಟಿಸಿದರು. ಕೀಟನಾಶಕ ಕಂಪೆನಿಗಳ ಕಡೆಯವರು ಅದನ್ನು ಹಳಿದರು, ಆದರೂ ಆ ವರದಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನಿಗೆ ತಡೆ ಹಾಕುವಾಗ ನಮ್ಮ ಮಕ್ಕಳ ರಕ್ತದ ಅಂಕಿಗಳು ದೇಶದ ಮುಂದಿದ್ದವು. ಹಾರ್ಮೋನು ಎಂಬುದು ಈ ಊರಿನಲ್ಲಿ ಪಾಠಪುಸ್ತಕದ ವಿಷಯವಾಗಿ ಉಳಿದಿಲ್ಲ. ಸಂಶೋಧನೆ ಎಂದರೆ ಬಾಗಿಲು ಹಾಕುವ ಜನ ನಾವಲ್ಲ, ರಕ್ತ ಕೊಟ್ಟು ಅಭ್ಯಾಸವಿದೆ. ಬದಲಿಗೆ ಕೇಳುವುದು ಒಂದು: ಫಲಿತಾಂಶ ಬಂದಾಗ ಅದನ್ನು ರಕ್ತ ಕೊಟ್ಟವರ ಮನೆಗೂ ತಲುಪಿಸಿ, ಅವರಿಗೆ ಓದಲು ಬರುವ ಭಾಷೆಯಲ್ಲಿ.

ಭಾಷೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಒಪ್ಪಿಗೆ ಪತ್ರ ರೋಗಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂದು ಸ್ಪಷ್ಟವಾಗಿ ಹೇಳುತ್ತವೆ. ತಲೆಪೆಟ್ಟಿನಲ್ಲಿ ರೋಗಿಗೆ ಪ್ರಜ್ಞೆಯಿಲ್ಲ, ಸಹಿ ಹಾಕುವುದು ಬೈಸ್ಟಾಂಡರ್, ಅಂದರೆ ರೋಗಿಯ ಜತೆಗೆ ನಿಂತ ಮನೆಯವರು. ಮಲಯಾಳ ಓದಲು ಬಾರದ, ಇಂಗ್ಲಿಷ್ ಓದಿದರೂ ಅರ್ಥವಾಗದ ಹೆಂಡತಿಯೋ ಅಣ್ಣನೋ ಅಲ್ಲಿ ನಿಂತಿರುತ್ತಾರೆ. ಮನೆಯಲ್ಲಿ ತುಳು, ಹವ್ಯಕ, ಕರಾಡ, ಮರಾಟಿ, ಬ್ಯಾರಿ ಏನೇ ಆಡಿದರೂ ನಮ್ಮಲ್ಲಿ ಬಹಳ ಮಂದಿ ಓದಿದ್ದು ಕನ್ನಡದಲ್ಲಿ. ಮದ್ದು ಕೊಡುತ್ತಾರೋ ಬರೀ ದ್ರಾವಣ ಕೊಡುತ್ತಾರೋ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ, ಅದು ಡಾಕ್ಟರಿಗೂ ಗೊತ್ತಿರುವುದಿಲ್ಲ, ಯಾವಾಗ ಬೇಕಾದರೂ ಹೊರಗೆ ಬರಬಹುದು, ಬಂದರೂ ಚಿಕಿತ್ಸೆ ನಿಲ್ಲುವುದಿಲ್ಲ. ಈ ನಾಲ್ಕು ವಿಷಯ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿದರೆ ನಮ್ಮವರು ಹೆದರುವುದಿಲ್ಲ. ಹೇಳದೆ ಸಹಿ ಹಾಕಿಸಿದರೆ ಆಮೇಲೆ ನಿಜವಾದ ಚಿಕಿತ್ಸೆಯನ್ನೂ ಸಂಶಯದಿಂದ ನೋಡುತ್ತಾರೆ.

ಹೇಳುವವರಿಲ್ಲದ ಜಾಗಕ್ಕೆ ಮಾರುವವರು ಬರುತ್ತಾರೆ. ಸ್ಟ್ರೋಕ್ ಆದ ಮನೆಯವರ ವಾಟ್ಸಾಪಿಗೆ ಮಿದುಳು ಚಿಗುರಿಸುವ ಇಂಜೆಕ್ಷನಿನ ವಿಡಿಯೊಗಳು ಬರುತ್ತವೆ, ಅದರಲ್ಲಿ ಹಾರ್ಮೋನಿನ ಹೆಸರೂ ಇರುತ್ತದೆ. ಅಡಿಕೆ ಮಾರಿದ ಹಣ, ಬಂಗಾರ ಅಡವಿಟ್ಟ ಹಣ ಅಲ್ಲಿಗೆ ಹೋಗುತ್ತದೆ. ಓದುವ ನಮ್ಮವರಿಗೆ ಒಂದು ಮಾತು: ಯಾರಾದರೂ ಸ್ಟ್ರೋಕಿಗೋ ತಲೆಪೆಟ್ಟಿಗೋ ಹೊಸ ಹಾರ್ಮೋನು ಚಿಕಿತ್ಸೆ ಇದೆ ಎಂದರೆ, ಅದು ಪ್ರಯೋಗವೋ ಎಂದು ಕೇಳಿ. ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಅದಕ್ಕೆ ಸಂಖ್ಯೆ ಇರಬೇಕು, 2009ರಿಂದ ಇದು ಕಡ್ಡಾಯ. ಪ್ರಯೋಗದ ಮದ್ದಿಗೆ ರೋಗಿಯಿಂದ ಹಣ ಕೇಳಿದರೆ ಎದ್ದು ಬನ್ನಿ. ಸ್ಟ್ರೋಕಿನಲ್ಲಿ ಇವತ್ತಿಗೆ ಕೆಲಸ ಮಾಡುವ ಮದ್ದು ರಕ್ತದ ಗಡ್ಡೆ ಕರಗಿಸುವಂಥದ್ದು, ಅದೂ ನಾಲ್ಕೂವರೆ ಗಂಟೆಯೊಳಗೆ, ಸ್ಕ್ಯಾನ್ ಮಾಡಿ ರಕ್ತಸ್ರಾವ ಇಲ್ಲವೆಂದು ಖಚಿತಪಡಿಸಿದ ಮೇಲೆ. ಬಾಯಿ ಓರೆಯಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ನಾಟಿಮದ್ದಿಗೆ ಹೋಗಿ ಆ ಹೊತ್ತನ್ನು ಕಳೆಯಬೇಡಿ.

ಮಹಾನಿರ್ದೇಶಕರೇ, ದಕ್ಷಿಣ ಕನ್ನಡ ಮತ್ತು ಕಾಸರಗೋಡು ಎರಡನ್ನೂ ಒಂದೇ ಕ್ಷೇತ್ರವೆಂದು ಹಿಡಿದು, ಮಂಗಳೂರಿನ ಆಪರೇಷನ್ ಕೋಣೆಯಿಂದ ನಮ್ಮ ಪಂಚಾಯತಿನ ನರ್ಸಿನ ಜೀಪಿನ ತನಕ ಒಂದೇ ಕಡತ ಸಾಗುವ ಹಾಗೆ, ತಲೆಪೆಟ್ಟು ಮತ್ತು ಸ್ಟ್ರೋಕಿನ ನಂತರದ ಹಾರ್ಮೋನು ಕೊರತೆಯ ಅಧ್ಯಯನಕ್ಕೆ ಪ್ರಸ್ತಾವ ಕರೆಯಿರಿ. ಒಪ್ಪಿಗೆ ಪತ್ರದ ಕನ್ನಡ ಕರಡನ್ನು ಓದಿ ತಿದ್ದಿಕೊಡಲು ನನ್ನಂಥ ನಿವೃತ್ತ ಅಧ್ಯಾಪಕರು ಇಲ್ಲಿ ಬೇಕಾದಷ್ಟು ಮಂದಿ ಇದ್ದೇವೆ, ಸಂಬಳ ಬೇಡ. ಸಂವಿಧಾನದ 350ನೇ ವಿಧಿಯ ಬಲದಿಂದ ಈ ಅಹವಾಲನ್ನು ಕನ್ನಡದಲ್ಲೇ ಕಳಿಸಿದ್ದೇನೆ. ಕೇರಳದ ಇಲಾಖೆಯವರು 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡದಲ್ಲೇ ಉತ್ತರಿಸಬಹುದು. ನಿಮ್ಮ ಉತ್ತರ ಇಂಗ್ಲಿಷಿನಲ್ಲಿ ಬಂದರೂ ನಡೆಯುತ್ತದೆ, ಕನ್ನಡಕ್ಕೆ ಮಾಡಿ ಪಂಚಾಯತಿನ ನೋಟೀಸು ಬೋರ್ಡಿಗೆ ಹಾಕುವ ಕೆಲಸ ನನ್ನದು.

ಇತಿ,
ಎಣ್ಮಕಜೆಯ ಒಬ್ಬ ನಿವೃತ್ತ ವಿಜ್ಞಾನ ಅಧ್ಯಾಪಕ